ಹೇಳಿ ಹೋಗುವುದೋ, ಕೇಳಿ ಹೋಗುವುದೋ?

ಪ್ರಶ್ನೆ:
ಸಂಗಾತಿ ಯಾವುದಕ್ಕೂ ಬೇಡ ಅನ್ನುವುದಿಲ್ಲ, ಆದರೆ ಪ್ರತಿಯೊಂದಕ್ಕೂ ಮೊದಲು ಕೇಳಬೇಕು. ಅಂಥ ಸಂಬಂಧದಲ್ಲಿ ಸ್ವಾತಂತ್ರ್ಯ ಇದೆ ಅನ್ನಬಹುದೇ? ಸರ್ಕಾರ ಪ್ರಜೆಗಳ ಮಾತಿಗೆ ಮಿತಿ ಹಾಕುವಾಗಲೂ ಇದೇ ಅಳತೆಗೋಲು ಸಾಕೇ?

ಉತ್ತರ 1:
ಅನ್ನಲಾಗದು. 1958ರ ಉಪನ್ಯಾಸವೊಂದರಲ್ಲಿ ತತ್ವಜ್ಞಾನಿ ಐಸಾಯಾ ಬರ್ಲಿನ್ ಎರಡು ಬಗೆಯ ಸ್ವಾತಂತ್ರ್ಯ ಗುರುತಿಸಿದರು: ಬೇರೆಯವರ ತಡೆ ಇಲ್ಲದಿರುವುದು ಒಂದು, ನಮ್ಮ ಬದುಕಿಗೆ ನಾವೇ ಒಡೆಯರಾಗಿರುವುದು ಇನ್ನೊಂದು. ಇನ್ನೊಬ್ಬ ತತ್ವಜ್ಞಾನಿ ಫಿಲಿಪ್ ಪೆಟಿಟ್ ವಾದ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಇವತ್ತು ತಡೆಯದಿದ್ದರೂ, ಮನಸ್ಸು ಬಂದಾಗ ತಡೆಯುವ ಅಧಿಕಾರ ಒಬ್ಬರ ಕೈಯಲ್ಲಿದ್ದರೆ ಇನ್ನೊಬ್ಬರು ಸ್ವತಂತ್ರರಲ್ಲ. ಒಡೆಯ ಎಷ್ಟೇ ಕರುಣಾಳುವಾದರೂ ಗುಲಾಮ ಗುಲಾಮನೇ.

ಉತ್ತರ 2:
ದಿನನಿತ್ಯದಲ್ಲಿ ಇದನ್ನು ಕಂಡುಹಿಡಿಯುವುದು ಹೀಗೆ. "ಬರೋದು ಒಂಬತ್ತಾಗುತ್ತೆ, ಊಟಕ್ಕೆ ಕಾಯಬೇಡ" ಅನ್ನುವುದು ಹೇಳಿ ಹೋಗುವುದು, ಅದು ಸೌಜನ್ಯ. "ಹೋಗಲಾ?" ಎಂದು ಬಾಗಿಲಲ್ಲಿ ನಿಂತು ಮುಖ ನೋಡುವುದು ಅಪ್ಪಣೆ. ಸಾಲ, ಮನೆ ಬದಲಾಯಿಸುವುದು, ಮಗು, ಇವಕ್ಕೆ ಇಬ್ಬರ ಒಪ್ಪಿಗೆಯೂ ಬೇಕೇ ಬೇಕು. ಗೆಳೆತನ, ಉಡುಪು, ಓದು, ಸ್ವಂತ ಫೋನಿಗೆ ತಿಳಿಸಿದರೆ ಸಾಕು, ಕೆಲವಕ್ಕೆ ಅದೂ ಬೇಡ.

ಒಂದು ಸಣ್ಣ ವಿಷಯಕ್ಕೆ "ಇಲ್ಲ" ಅಂದು ನೋಡಿ. ಬೇಸರವಾಗಿ ಸಂಜೆಗೆ ಮಾತು ಸರಿಹೋದರೆ ಚಿಂತೆಯಿಲ್ಲ. ದಿನಗಟ್ಟಲೆ ಮೌನ, ಖರ್ಚಿಗೆ ಹಣ ನಿಲ್ಲಿಸುವುದು, ಹಳೆಯ ತಪ್ಪು ಕೆದಕುವುದು ಶುರುವಾದರೆ ಅದು ಶಿಕ್ಷೆ. (ಹೊಡೆತದ ಭಯ ಇರುವಲ್ಲಿ ದಯವಿಟ್ಟು ಹೀಗೆ ಪರೀಕ್ಷಿಸಬೇಡಿ, ಮೊದಲು ನಂಬಿಕಸ್ಥರೊಬ್ಬರಿಗೆ ತಿಳಿಸಿ.)

ಹೆಚ್ಚಾಗಿ ಎಡವುವುದು ಫೋನಿನ ಲೊಕೇಶನ್ ವಿಷಯದಲ್ಲಿ. ಒಂದು ಪ್ರಯಾಣದ ಸುರಕ್ಷತೆಗೆಂದು ಆನ್ ಮಾಡಿದ್ದು ಹಾಗೇ ಉಳಿಯುತ್ತದೆ, ಆಮೇಲೆ ಆಫ್ ಮಾಡಿದರೆ ಅದೇ ಅನುಮಾನಕ್ಕೆ ಕಾರಣ. ಆನ್ ಮಾಡುವಾಗಲೇ ಯಾಕೆ, ಎಲ್ಲಿಯವರೆಗೆ ಎಂದು ಮಾತಾಡಿಕೊಳ್ಳಿ. ಪ್ರಯಾಣ ಮುಗಿದ ದಿನ ಆಫ್ ಆಗಲಿ.

ಉತ್ತರ 3:
ಸರ್ಕಾರಕ್ಕೆ ಅಳತೆಗೋಲು ಬರಹದಲ್ಲೇ ಇದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ (1966) 19ನೇ ವಿಧಿ ಪ್ರಕಾರ ಮಾತಿಗೆ ಹಾಕುವ ಮಿತಿ ಕಾನೂನಿನಲ್ಲಿ ಇರಬೇಕು, ಇತರರ ಹಕ್ಕು, ಸಾರ್ವಜನಿಕ ಸುವ್ಯವಸ್ಥೆಯಂಥ ಹೆಸರಿಸಿದ ಉದ್ದೇಶಕ್ಕೇ ಇರಬೇಕು, ಆ ಉದ್ದೇಶಕ್ಕೆ ನಿಜಕ್ಕೂ ಅಗತ್ಯವಾಗಿರಬೇಕು. ಸರ್ಕಾರಗಳು ಜಾರುವುದು ಕೊನೆಯದರಲ್ಲಿ. ರಾತ್ರಿಯ ಧ್ವನಿವರ್ಧಕ ನಿದ್ದೆ ಕೆಡಿಸಿದರೆ ಸದ್ದಿಗೂ ಸಮಯಕ್ಕೂ ಮಿತಿ ಹಾಕಿದರೆ ಮುಗಿಯಿತು. ಸಭೆಯನ್ನೇ ನಿಷೇಧಿಸುವುದು ಅತಿ. "ಅನುಚಿತ ಮಾತು" ಎಂಬಂಥ ಮಸುಕು ಪದ ಕಾನೂನಿಗೆ ಸೇರಿದರೆ ಇನ್ನೂ ಕೆಟ್ಟದ್ದು. ಗೆರೆ ಎಲ್ಲಿದೆ ಎಂದು ತಿಳಿಯದೆ ಜನ ಗೆರೆಯಿಂದ ಬಹಳ ದೂರದಲ್ಲೇ ಬಾಯಿ ಮುಚ್ಚುತ್ತಾರೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಮನೆಗೂ ಇದೇ ಮೂರು ಪ್ರಶ್ನೆ ಹಾಕಬಹುದಲ್ಲವೇ?

ಉತ್ತರ 3:
ಹಾಕಬಹುದು, ಒಂದು ವ್ಯತ್ಯಾಸ ಬಿಟ್ಟರೆ. ಸರ್ಕಾರದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. "ಆ ಗೆಳತಿಯನ್ನು ಭೇಟಿಯಾಗಬೇಡ" ಅನ್ನುವುದಕ್ಕೆ ಮೇಲ್ಮನವಿ ಎಲ್ಲಿದೆ? ಅಲ್ಲಿ ಆಸರೆ ಎಂದರೆ ಬಿಟ್ಟು ಹೊರಡಬಲ್ಲೆ ಎಂಬ ಸಾಧ್ಯತೆ ಮಾತ್ರ. ಅದಕ್ಕೇ ತನ್ನ ಹೆಸರಿನ ಬ್ಯಾಂಕ್ ಖಾತೆ, ತನ್ನ ಕೈಯಲ್ಲೇ ಇರುವ ಗುರುತಿನ ದಾಖಲೆಗಳು, ಹೊತ್ತಲ್ಲದ ಹೊತ್ತಿನಲ್ಲೂ ಬಾಗಿಲು ತೆರೆಯುವ ಒಬ್ಬರು, ಇಷ್ಟು ಎಷ್ಟೇ ಒಳ್ಳೆಯ ಸಂಬಂಧದಲ್ಲೂ ಇಬ್ಬರಿಗೂ ಇರಬೇಕು.