ಸಮುದ್ರದ ದಂಡೆಯಲ್ಲಿ ಒಂದು ಮನೆ ಹಿಡಿದು ಕೂಡಬೇಕು, ಎಲ್ಲಿಗೆ ಹೋದರೆ ಚಲೋ?

ಕಲಬುರಗಿಯ ತಂಗಿಯೊಬ್ಬಳು ಕೇಳಿದ್ದು: ಅಪ್ಪ-ಅವ್ವ, ಅಣ್ಣ-ಅತ್ತಿಗೆ, ನಾವಿಬ್ಬರು, ಮೂರು ಮಕ್ಕಳು. ದಿನವಿಡೀ ಗಾಡಿಯಲ್ಲಿ ಸುತ್ತೋದು ಬೇಡ. ಒಳ್ಳೆ ಬಿಸಿಲಿರುವ ದಂಡೆ, ಪಕ್ಕದಲ್ಲೇ ಅಡುಗೆಮನೆ ಇರುವ ಪೂರ್ತಿ ಮನೆ ಅಥವಾ ವಿಲ್ಲಾ ಬೇಕು. ಅಪ್ಪನಿಗೆ ಮೊಣಕಾಲು ನೋವು. ಯಾವ ಊರು, ಯಾವ ತಿಂಗಳು? ಹೋಗಿ ಬಂದವರು ಹೇಳಿ.

ಕಲಬುರಗಿಯ ಅಕ್ಕ:

ತಂಗಿ, ಊರಿಗಿಂತ ಮೊದಲು ತಿಂಗಳು ಗಟ್ಟಿ ಮಾಡಿಕೋ. ಮಕ್ಕಳಿಗೆ ರಜೆ ಅಂತ ಎಲ್ಲರೂ ಮೇ ತಿಂಗಳಲ್ಲಿ ಹೊರಡುತ್ತಾರೆ. ನಮ್ಮಲ್ಲಿ 42 ಡಿಗ್ರಿ ದಾಟಿದಾಗ ಕರಾವಳಿಯಲ್ಲಿ 34ರ ಆಸುಪಾಸು ಇರುತ್ತದೆ, ನಿಜ. ಆದರೆ ಅದು ಬೆವರಿನ ಸೆಕೆ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಜೀವಕ್ಕೆ ತಂಪು. ಅಲ್ಲಿ ನೆರಳಲ್ಲಿ ಕೂತರೂ ಅಂಗಿ ಮೈಗೆ ಅಂಟುತ್ತದೆ. ವಯಸ್ಸಾದವರಿಗೆ ಇದೇ ಜಾಸ್ತಿ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಗಂತೂ ಬೇಡವೇ ಬೇಡ. ಹೊಸ ವರ್ಷದ ಗದ್ದಲ ಮುಗಿದ ಮೇಲೆ, ಜನವರಿಯಿಂದ ಫೆಬ್ರವರಿ ಕೊನೆಯವರೆಗೆ ಬಹಳ ಚಲೋ. ಬೆಳಿಗ್ಗೆ ತಂಪು, ಮಧ್ಯಾಹ್ನ ಬಿಸಿಲು, ಸಂಜೆ ಸೂರ್ಯ ನೀರಿಗೇ ಇಳಿಯುತ್ತಾನೆ. ಸಂಕ್ರಾಂತಿ ಹತ್ತಿರ ಎರಡು ದಿನ ಶಾಲೆ ತಪ್ಪಿದರೆ ಏನೂ ಆಗಲ್ಲ.

ಊರು ಅಂದರೆ ನನ್ನ ಓಟು ಹೊನ್ನಾವರದ ಕಾಸರಕೋಡಕ್ಕೆ. ಕೇರಳದ್ದಲ್ಲ, ನಮ್ಮ ಉತ್ತರ ಕನ್ನಡದ್ದು. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಅದೇ ವರ್ಷ. ಆ ಗುರುತು ಸಿಗಬೇಕಾದರೆ ನೀರು ಸ್ವಚ್ಛ ಇರಬೇಕು, ಶೌಚಾಲಯ ಇರಬೇಕು, ಕಾವಲಿಗೆ ಜನ ಇರಬೇಕು. ಗೋಕರ್ಣದ ಓಂ, ಕುಡ್ಲೆ ಬೀಚ್ ಚಂದವೇ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಇಳಿಜಾರು, ಮೆಟ್ಟಿಲು. ಅಪ್ಪನ ಮೊಣಕಾಲಿಗೆ ಆಗೋದಿಲ್ಲ. ಕಾಸರಕೋಡ ಸಮತಟ್ಟು. ಬೇಸರ ಬಂದರೆ ಶರಾವತಿಯಲ್ಲಿ ದೋಣಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿ. ಅವ್ವನಿಗೆ ಗುಡಿ ಬೇಕೆಂದರೆ ಇಡಗುಂಜಿ ಗಣಪತಿ ಹತ್ತಿರದಲ್ಲೇ. ಒಂದು ಮುಂಜಾನೆ ಸಾಕು.

ದಾರಿಯೂ ಸರಳ. ಜೇವರ್ಗಿ, ಸಿಂದಗಿ ಮೇಲೆ ವಿಜಯಪುರ. ಅಲ್ಲಿಂದ 52ನೇ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲಿ ಸಮುದ್ರದ ಹತ್ತಿರಕ್ಕೇ ತಂದು ಬಿಡುತ್ತದೆ. ಅಂಕೋಲಾವರೆಗೆ ಸುಮಾರು 500 ಕಿ.ಮೀ., ಹೊನ್ನಾವರ ಅಲ್ಲಿಂದ ಇನ್ನೂ ಮುಂದೆ, ದಕ್ಷಿಣಕ್ಕೆ. ಒಂದೇ ದಿನಕ್ಕೆ ಹೊಡೆಯಬೇಡಿ. ಹುಬ್ಬಳ್ಳಿಯಲ್ಲಿ ರಾತ್ರಿ ಮಲಗಿ, ಅರಬೈಲ್ ಘಾಟಿಯನ್ನು ಬೆಳಿಗ್ಗೆ ಇಳಿಯಿರಿ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ, ನಿಂಬೆಹಣ್ಣು ಕೈಯಲ್ಲಿರಲಿ.

ಊಟದ್ದು ಒಂದು ಮಾತು. ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗೇ ಹೋಗುತ್ತೀರಿ, ಗೊತ್ತು. ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದು ರಾತ್ರಿಗೇ ಮೆತ್ತಗಾಗುತ್ತದೆ, ಮುರಿದರೆ ಟಕ್ ಅನ್ನೋದಿಲ್ಲ. ಗಾಳಿಯಲ್ಲೇ ತೇವ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಶೇಂಗಾ ಹಿಂಡಿಯೂ ಹಾಗೇ. ಜೋಳದ ಹಿಟ್ಟು, ಹಂಚು ಜೊತೆಗಿದ್ದರೆ ಇನ್ನೂ ಚಲೋ. ಅಲ್ಲಿ ಕುಚಲಕ್ಕಿ ಅನ್ನ, ತೆಂಗಿನ ಸಾರು. ಮಕ್ಕಳು ಉಣ್ಣುತ್ತಾರೆ, ಹಿರಿಯರು ಎರಡನೇ ದಿನಕ್ಕೆ ರೊಟ್ಟಿ ಕೇಳುತ್ತಾರೆ.

ಬೀದರ್‌ನಿಂದ ಒಬ್ಬರು:

ನಮಗೆ ಅರಬ್ಬಿ ಸಮುದ್ರ ದೂರ. ಹೈದರಾಬಾದ್ ಹತ್ತಿರ ಇರುವುದರಿಂದ ಆಂಧ್ರದ ಕಡೆಗೇ ಹೋಗುತ್ತೇವೆ. ಬಾಪಟ್ಲದ ಸೂರ್ಯಲಂಕ ಬೀಚ್ ನಮ್ಮ ಮನೆಯವರಿಗೆಲ್ಲ ಇಷ್ಟ. ಅಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ಬೇಗ ಏಳುವ ಹಿರಿಯರಿಗೆ ಹೇಳಿ ಮಾಡಿಸಿದ್ದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಚಂಡಮಾರುತದ ಭಯ. ಹಾಗಾಗಿ ದಸರಾ ರಜೆಗೆ ಬೇಡ.

ಯಾದಗಿರಿಯ ರೈಲ್ವೆ ನೌಕರ:

ಗಾಡಿ ಓಡಿಸೋದೇ ಬೇಡ ಅನ್ನುವವರಿಗೆ ರೈಲು ಇದೆಯಲ್ಲ. ಮುಂಬೈ-ಚೆನ್ನೈ ಮಾರ್ಗ ಕಲಬುರಗಿ, ವಾಡಿ, ಯಾದಗಿರಿ ಮೇಲೇ ಹೋಗುತ್ತದೆ. ಚೆನ್ನೈನಲ್ಲಿ ಇಳಿದು ಈಸ್ಟ್ ಕೋಸ್ಟ್ ರಸ್ತೆ ಹಿಡಿದರೆ ಮಹಾಬಲಿಪುರದವರೆಗೂ ಈಜುಕೊಳ ಇರುವ ವಿಲ್ಲಾಗಳು ಬಾಡಿಗೆಗೆ ಸಿಗುತ್ತವೆ. ಪೂರ್ತಿ ವಿಲ್ಲಾ ಅನ್ನೋದು ಹೊನ್ನಾವರದ ಕಡೆ ಇಷ್ಟು ಸುಲಭಕ್ಕೆ ಸಿಗಲ್ಲ, ಅಲ್ಲಿ ಹೋಂಸ್ಟೇ ಜಾಸ್ತಿ. ಆದರೆ ಶನಿವಾರ, ಭಾನುವಾರ ಚೆನ್ನೈ ಜನ ತುಂಬಿಕೊಳ್ಳುತ್ತಾರೆ, ರಾತ್ರಿ ಹಾಡಿನ ಅಬ್ಬರ. ಸೋಮವಾರ ಹೋಗಿ ಗುರುವಾರ ಬಿಡಿ. ಈಜುಕೊಳದ ಆಳ ಮೊದಲೇ ಕೇಳಿ. ಬೇಲಿ ಇಲ್ಲದಿದ್ದರೆ ಸಣ್ಣ ಮಕ್ಕಳಿರುವವರು ಆ ಮನೆ ಬಿಟ್ಟುಬಿಡಿ.

ಸೇಡಂನ ಮೇಷ್ಟ್ರು, ಹಿಂದೆ ಕುಮಟಾದಲ್ಲಿ ಕೆಲಸದಲ್ಲಿದ್ದವರು:

ಎಲ್ಲರೂ ಊರಿನ ಬಗ್ಗೆ ಹೇಳಿದಿರಿ. ನಾನು ನೀರಿನ ಬಗ್ಗೆ ಹೇಳುತ್ತೇನೆ, ದಯವಿಟ್ಟು ಓದಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ನಮ್ಮ ಹಾಗೆ ಒಳನಾಡಿನ ಮಕ್ಕಳು. ಭೀಮಾ ನದಿಯಲ್ಲಿ, ಬಾವಿಯಲ್ಲಿ ಈಜಿದ ಧೈರ್ಯ ಸಮುದ್ರದಲ್ಲಿ ಕೆಲಸಕ್ಕೆ ಬರೋದಿಲ್ಲ.

ಇಳಿಯುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಎರಡೂ ಕಡೆ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ಮರಳು ಬೆರೆತು ನೀರು ಕಂದಾಗಿ ಕಾಣುತ್ತದೆ. ಅಲ್ಲಿ ನೀರು ಶಾಂತ ಅಂದುಕೊಂಡು ಮಕ್ಕಳನ್ನು ಇಳಿಸುತ್ತಾರೆ. ದಂಡೆಗೆ ಬಂದ ನೀರೆಲ್ಲ ವಾಪಸ್ ಒಳಕ್ಕೆ ಎಳೆದುಕೊಂಡು ಹೋಗುವ ದಾರಿ ಅದೇ. ಯಾರಾದರೂ ಸಿಕ್ಕಿಕೊಂಡರೆ ಆ ಸೆಳೆತಕ್ಕೆ ಎದುರಾಗಿ ನೇರ ದಂಡೆಯ ಕಡೆಗೆ ಈಜಬಾರದು. ದಂಡೆಯ ಉದ್ದಕ್ಕೆ, ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬರಬೇಕು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಯಾರೂ ಇಳಿಯಬೇಡಿ. ಕಾವಲಿನವರು ಬೇಡ ಅಂದರೆ ಮರುಮಾತು ಬೇಡ, ಅಷ್ಟೆ.

ಇನ್ನು ಮನೆ. ‘ಬೀಚಿಗೆ 200 ಮೀಟರ್’ ಅಂತ ಬರೆದಿರುತ್ತಾರೆ, ನಡುವೆ ಹೆದ್ದಾರಿ ಇರುತ್ತದೆ. ವಿಡಿಯೊ ಕಾಲ್ ಮಾಡಿ, ಬಾಗಿಲಿನಿಂದ ನೀರಿನವರೆಗೆ ನಡೆದು ತೋರಿಸಿ ಅನ್ನಿ. ಅಪ್ಪನಿಗೆ ನೆಲಮಹಡಿಯ ಕೋಣೆ, ಕುರ್ಚಿ ಕಮೋಡ್ ಇದೆಯಾ? ಸಿಲಿಂಡರ್ ಕೊಡುತ್ತಾರಾ? ಕರೆಂಟ್ ಹೋದರೆ ಇನ್ವರ್ಟರ್‌ಗೆ ಫ್ಯಾನ್ ತಿರುಗುತ್ತಾ? ಬೇಸಿಗೆಯಲ್ಲಿ ದಂಡೆಯ ಬಾವಿ ನೀರು ಉಪ್ಪಾಗುವುದುಂಟು, ಕುಡಿಯಲು ಏನು ಕೊಡುತ್ತೀರಿ ಅಂತಲೂ ಕೇಳಿ. ಇದಕ್ಕೆಲ್ಲ ಬೇಸರ ಇಲ್ಲದೆ ಉತ್ತರ ಕೊಟ್ಟವರ ಮನೆಯನ್ನೇ ಹಿಡಿಯಿರಿ. ಮುಂಗಡ ಅರ್ಧ ಕೊಡಿ, ಉಳಿದದ್ದು ಮನೆ ನೋಡಿ ಕೀಲಿಕೈ ತೆಗೆದುಕೊಂಡ ಮೇಲೆ.