ಪಾದದ ರಕ್ತ ಓಡಾಟ ಅಳೆಯುವ ಪರೀಕ್ಷೆಗಳು: ಒತ್ತಡ, ಹರಿವು, ತಲುಪಿಕೆ, ಯಾವುದನ್ನು ಎಲ್ಲಿ ಬಳಸೋಣ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ ಇರುವವರಿಗಾಗಿ ಪಾದದ ಆರೈಕೆಯ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಲ್ಲಿ ಪಾದಕ್ಕೆ ಎಷ್ಟು ರಕ್ತ ಬರುತ್ತಿದೆ ಎಂದು ಸೂಜಿ ಚುಚ್ಚದೆ ನೋಡುವ ಪರೀಕ್ಷೆಗಳಿಗೆ ಅದರಲ್ಲಿ ಒಂದು ಅಧ್ಯಾಯವಿದೆ. ಅಲ್ಲಿನ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮುಖ್ಯವಾಗಿ ಬೇಕಿರುವುದು ಪರ್ಫ್ಯೂಷನ್ ಎಂಬುದಕ್ಕೆ, ಅಂದರೆ ಚರ್ಮದಂಥ ಕೊನೆಯ ಜಾಗಕ್ಕೇ ರಕ್ತ ತಲುಪುವುದಕ್ಕೆ.

ನಾವು ಸಾಮಾನ್ಯವಾಗಿ ರಕ್ತ ಸಂಚಾರ, ರಕ್ತ ಪರಿಚಲನೆ, ರಕ್ತ ಓಡಾಟ ಅಂತೀವಿ. ಮೂರೂ ಒಳ್ಳೆಯ ಮಾತುಗಳೇ. ಆದರೆ ಪಾದದ ಪರೀಕ್ಷೆಗಳು ಅಳೆಯುವ ಸಂಗತಿಗಳು ಬೇರೆ ಬೇರೆ. ಕೆಲವು ನಾಳದೊಳಗಿನ ಒತ್ತಡವನ್ನು ಅಳೆಯುತ್ತವೆ. ಕೆಲವು ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಹೇಳುತ್ತವೆ. ಇನ್ನು ಕೆಲವು ಚರ್ಮಕ್ಕೆ, ಅಂದರೆ ಗಾಯ ಮಾಯಬೇಕಾದ ಜಾಗಕ್ಕೇ, ರಕ್ತ ತಲುಪಿದೆಯೇ ಎಂದು ನೋಡುತ್ತವೆ. ಎಲ್ಲಕ್ಕೂ 'ರಕ್ತ ಸಂಚಾರ' ಎಂದೇ ಬರೆದರೆ ಓದುವವರಿಗೆ ಅಪಾಯವಿದೆ. ಕಾಲಿನ ಗಿಣ್ಣಿನ (ಪಾದ ಕಾಲಿಗೆ ಸೇರುವ ಕೀಲಿನ) ಒತ್ತಡ ನೋಡಿ 'ರಕ್ತ ಸಂಚಾರ ಸರಿಯಾಗಿದೆ' ಅಂದದ್ದನ್ನು ಕೇಳಿಕೊಂಡು ರೋಗಿ ಮನೆಗೆ ಹೋಗುತ್ತಾರೆ. ಬೆರಳಿನ ಹುಣ್ಣು ಮಾತ್ರ ಮಾಯುವುದೇ ಇಲ್ಲ.

ಇದು ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪದದ ಆಯ್ಕೆ ನಿಂತಿರುವುದೇ ಅದರ ಮೇಲೆ.

ಮೊದಲು ಮಾಡುವ ಪರೀಕ್ಷೆ ತುಂಬ ಸರಳ. ರೋಗಿಯನ್ನು ಐದರಿಂದ ಹತ್ತು ನಿಮಿಷ ಮಲಗಿಸುತ್ತಾರೆ. ತೋಳಿಗೂ ಕಾಲಿನ ಗಿಣ್ಣಿಗೂ ಬಿಪಿ ಪಟ್ಟಿ ಕಟ್ಟುತ್ತಾರೆ. ಶಬ್ದದ ಅಲೆಗಳಿಂದ ರಕ್ತದ ಓಟ ಹಿಡಿಯುವ ಡಾಪ್ಲರ್ ಕಡ್ಡಿ ಇಟ್ಟು ನಾಡಿಯ ಸದ್ದು ಕೇಳುತ್ತಾ ಒತ್ತಡ ಅಳೆಯುತ್ತಾರೆ. ಗಿಣ್ಣಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 1.00ರಿಂದ 1.40ರ ಒಳಗೆ ಬಂದರೆ ಸಹಜ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದು ಅರ್ಥ. ಆದರೆ ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ, ನಾಳದ ಗೋಡೆಯಲ್ಲಿ ಸುಣ್ಣ ಕೂತು ಅದು ಗಡುಸಾಗುತ್ತದೆ. ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ. ಆಗ ಅಂಕಿ ಸುಳ್ಳಾಗಿ ಮೇಲೆ ಬರುತ್ತದೆ. ಕೆಲವೊಮ್ಮೆ 1.40 ದಾಟುತ್ತದೆ. ಕೆಲವೊಮ್ಮೆ ಸಹಜದ ಒಳಗೇ ಕೂತುಬಿಡುತ್ತದೆ, ಅದು ಇನ್ನೂ ಮೋಸ.

ಕಾಲುವೆ ನೀರಿನ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ಕೇಳುವುದು ಇದನ್ನೇ ಅಲ್ವಾ? ಮೇಲೆ ಗೇಜ್ ಸರಿಯಾಗಿದೆ ಅಂತೀರಿ, ನಮ್ಮ ಹೊಲಕ್ಕೆ ನೀರು ತಲುಪಿದೆಯಾ ಹೇಳಿ ಅಂತ.

ಅದಕ್ಕೇ ಮುಂದಿನ ಪರೀಕ್ಷೆಗಳು ಬೆರಳಿಗೆ ಇಳಿಯುತ್ತವೆ. ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕೂರುವುದು ಕಡಿಮೆ. ಕಾಲಿನ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ, ತುದಿಗೆ ಬೆಳಕಿನ ಸಂವೇದಕ ಇಡುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರೂ ಕೈಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಕೂಡ ಇದೇ ಉಪಾಯದಿಂದ ನಾಡಿ ಹಿಡಿಯುತ್ತದೆ. ಬೆರಳಿನ ಒತ್ತಡ 30 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ಗಾಯ ತಾನಾಗಿ ಮಾಯುವುದು ಕಷ್ಟ. ಇನ್ನೊಂದು ವಿಧಾನದಲ್ಲಿ ಚರ್ಮಕ್ಕೆ ಬಿಲ್ಲೆಯಂಥ ಎಲೆಕ್ಟ್ರೋಡ್ ಅಂಟಿಸಿ, ಜಾಗವನ್ನು ಸುಮಾರು 44 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ, ಚರ್ಮದ ಮೂಲಕ ಹೊರಬರುವ ಆಮ್ಲಜನಕವನ್ನು ಅಳೆಯುತ್ತಾರೆ. ಲೇಸರ್ ಡಾಪ್ಲರ್ ಅನ್ನುವುದು ಮತ್ತೊಂದು. ಚರ್ಮಕ್ಕೆ ಲೇಸರ್ ಬೆಳಕು ಬಿಟ್ಟರೆ, ಓಡುತ್ತಿರುವ ಕೆಂಪು ರಕ್ತಕಣಗಳಿಗೆ ತಾಗಿ ಮರಳುವ ಬೆಳಕಿನ ಕಂಪನ ಸ್ವಲ್ಪ ಬದಲಾಗಿರುತ್ತದೆ. ಇದು ನೋಡುವುದು ಚರ್ಮದ ಒಂದು ಮಿಲಿಮೀಟರಿನಷ್ಟು ಆಳವನ್ನು ಮಾತ್ರ. ಕೊಡುವ ಅಂಕಿಗೆ ಮಿಲಿಲೀಟರ್ ಲೆಕ್ಕವಿಲ್ಲ, 'ಪರ್ಫ್ಯೂಷನ್ ಯೂನಿಟ್' ಎಂದೇ ಹೆಸರು. ಹಾಗಾಗಿ ಈ ಪದವನ್ನು ಬದಿಗಿಟ್ಟು ಮುಂದೆ ಹೋಗಲು ನನಗೆ ದಾರಿಯಿಲ್ಲ.

ನಾನು ಯೋಚಿಸಿದ್ದು ಹೀಗೆ. ಪ್ರೆಷರ್‌ಗೆ ಒತ್ತಡ, ಇದರಲ್ಲಿ ಚರ್ಚೆಯೇ ಬೇಡ. ನಾಳದೊಳಗಿನ ಫ್ಲೋಗೆ ಹರಿವು. ಪರ್ಫ್ಯೂಷನ್‌ಗೆ 'ರಕ್ತ ತಲುಪಿಕೆ'. 'ರಕ್ತ ಪೂರೈಕೆ' ಈಗಾಗಲೇ ಬಳಕೆಯಲ್ಲಿದೆ ನಿಜ. ಆದರೆ ಪೂರೈಕೆ ಕಳಿಸುವವರ ಕಡೆಯ ಮಾತು. ನಮಗೆ ಬೇಕಿರುವುದು ಪಡೆಯುವ ಜಾಗದ ಮಾತು. ಮಾತಿನಲ್ಲಿ ಜನ 'ಬೆರಳಿಗೆ ರಕ್ತ ಮುಟ್ಟುತ್ತಿಲ್ಲ' ಎಂದೂ ಹೇಳುತ್ತಾರೆ, ಕ್ರಿಯಾಪದವಾಗಿ ಅದು ಬಹಳ ಚೆಂದ. ನಾಮಪದ ಮಾಡಲು ಹೋದರೆ ಆಗದು. ರಕ್ತದ ಪಕ್ಕ 'ಮುಟ್ಟು' ಕೂತರೆ ಅರ್ಥ ಪೂರ್ತಿ ಬೇರೆಯಾಗುತ್ತದೆ. 'ಊಡಿಕೆ' ಎಂದು ಒಬ್ಬ ಹಿರಿಯರು ಸೂಚಿಸಿದರು. ಹಾಲೂಡಿಸು ಎಂಬಲ್ಲಿನ ಊಡು. ಅರ್ಥ ತುಂಬ ಹತ್ತಿರ, ನನಗೆ ಇಷ್ಟವೂ ಆಯಿತು. ಆದರೆ ಇವತ್ತಿನ ಓದುಗರಿಗೆ ಮತ್ತೆ ವಿವರಿಸಬೇಕಾಗುತ್ತದೆ ಎಂಬ ಭಯವಿದೆ. ತಲುಪಿಕೆಯೇ ಇರಲಿ ಅನ್ನಿಸುತ್ತದೆ. ನೀವೇನಂತೀರಿ?

ಎರಡನೆಯದು ನರ. ಇದು ನಿಜಕ್ಕೂ ಕಗ್ಗಂಟು. ವೈದ್ಯರ ಕನ್ನಡದಲ್ಲಿ ನರ ಅಂದರೆ ನರ್ವ್. ಜನರ ಕನ್ನಡದಲ್ಲಿ ನರ ಅಂದರೆ ರಕ್ತನಾಳವೂ ಹೌದು. ಡ್ರಿಪ್ ಹಾಕುವಾಗ ನರ್ಸ್ 'ನರ ಸಿಗ್ತಿಲ್ಲ' ಅನ್ನುತ್ತಾರೆ. ಕಾಲಿನ ಸಿರೆ ಉಬ್ಬಿದರೆ 'ನರ ಉಬ್ಬಿದೆ'. ಬೇರೆ ಕಡೆ ಇದರಿಂದ ಅಷ್ಟು ತೊಂದರೆ ಆಗದಿರಬಹುದು. ಸಕ್ಕರೆ ಕಾಯಿಲೆಯ ಪಾದದಲ್ಲಿ ಮಾತ್ರ ನರವೂ ಕೆಡುತ್ತದೆ, ರಕ್ತನಾಳವೂ ಕೆಡುತ್ತದೆ, ಎರಡಕ್ಕೂ ಚಿಕಿತ್ಸೆ ಬೇರೆ. ಅದೂ ಅಲ್ಲದೆ ನರ ಕೆಟ್ಟಿದ್ದರೆ ನೋವೇ ಗೊತ್ತಾಗುವುದಿಲ್ಲ. ರಕ್ತ ಬಾರದೆ ಆಗಬೇಕಾದ ನೋವು ಆಗುವುದಿಲ್ಲ. ಪಾದ ಮುಟ್ಟಿದರೆ ಬೆಚ್ಚಗೂ ಇರಬಹುದು. ಅಂಥವರಿಗೇ ಈ ಪರೀಕ್ಷೆಗಳು ಹೆಚ್ಚು ಬೇಕು. 'ನಿಮ್ಮ ಕಾಲಿನ ನರದಲ್ಲಿ ತೊಂದರೆ ಇದೆ' ಎಂಬ ಒಂದೇ ವಾಕ್ಯ ಎರಡು ಕಾಯಿಲೆಗಳನ್ನೂ ಹೇಳುತ್ತದೆ, ಅಂದರೆ ಏನನ್ನೂ ಹೇಳುವುದಿಲ್ಲ.

ಕೈಪಿಡಿಯಲ್ಲಿ ರಕ್ತಕ್ಕೆ ರಕ್ತನಾಳ, ಸ್ಪರ್ಶಕ್ಕೆ ನರ ಎಂದು ಮೊದಲ ಪುಟದಲ್ಲೇ ಹೇಳಿ, ಕೊನೆವರೆಗೂ ಅದನ್ನೇ ಪಾಲಿಸುತ್ತೇನೆ. ಪಠ್ಯಪುಸ್ತಕದ ಅಪಧಮನಿ, ಅಭಿಧಮನಿಗಳನ್ನು ಬಿಟ್ಟಿದ್ದೇನೆ. ಎರಡೂ ಕಿವಿಗೆ ಒಂದೇ ತರಹ ಕೇಳಿಸುತ್ತವೆ. ಆರ್ಟರಿ ಎಂದು ಖಚಿತವಾಗಿ ಹೇಳಬೇಕಾದ ಕಡೆ 'ಹೃದಯದಿಂದ ರಕ್ತ ತರುವ ನಾಳ' ಎಂದು ಬಿಡಿಸಿ ಬರೆದಿದ್ದೇನೆ. ಕಾಯಿಲೆಗೆ 'ಬಾಹ್ಯ ಅಪಧಮನಿ ರೋಗ' ಎಂಬ ಹೆಸರು ಅಲ್ಲಲ್ಲಿ ಕಾಣುತ್ತದೆ. ಬಾಹ್ಯ ಅಂದರೆ ಹೊರಗಿನದು, ಚರ್ಮದ ಮೇಲಿನದು ಎಂದು ಜನ ತಿಳಿಯುತ್ತಾರೆ. 'ಕಾಲಿನ ರಕ್ತನಾಳ ಕಟ್ಟುವ ಕಾಯಿಲೆ' ಸಾಕಲ್ಲವೇ? ಹೃದಯದ ಬ್ಲಾಕ್ ಎಲ್ಲರಿಗೂ ಗೊತ್ತು, ಹಾಗಾಗಿ 'ಕಾಲಲ್ಲಿ ಬ್ಲಾಕ್' ಎಂದೂ ಒಮ್ಮೆ ಸೇರಿಸುತ್ತೇನೆ.

ಮೂರನೆಯದು ಕ್ಲಾಡಿಕೇಷನ್, ಅಂದರೆ ರಕ್ತ ಸಾಲದೆ ನಡೆದಾಗ ಕಾಲು ಹಿಡಿದುಕೊಳ್ಳುವುದು. ಲ್ಯಾಟಿನ್ನಿನಲ್ಲಿ ಕುಂಟುವುದು ಎಂದು ಅರ್ಥ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಇದನ್ನು ಮೊದಲು ವಿವರಿಸಿದ್ದು ಕುದುರೆಗಳಲ್ಲಿ. ಮನುಷ್ಯರಲ್ಲಿ ಫ್ರಾನ್ಸಿನದೇ ವೈದ್ಯ ಶಾರ್ಕೋ 1858ರಲ್ಲಿ ಗುರುತಿಸಿದರು. ಕುದುರೆ ಕುಂಟಬಹುದು. ನಮ್ಮ ರೋಗಿಗಳು ಹೇಳುವುದು 'ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡ್ಕೊಳ್ತದೆ, ನಿಂತರೆ ಬಿಡ್ತದೆ' ಎಂದು. ಕಾಯಿಲೆಯ ಗುರುತು ಇಡಿಯಾಗಿ ಈ ಮಾತಿನಲ್ಲಿದೆ. ಸೊಂಟದ ಬೆನ್ನುಮೂಳೆಯಲ್ಲಿ ನರಗಳು ಒತ್ತಿಕೊಂಡಿದ್ದರೂ ನಡೆದಾಗ ಕಾಲು ನೋಯುತ್ತದೆ, ಆದರೆ ಆಗ ಕೂರಬೇಕು ಅಥವಾ ಬಗ್ಗಬೇಕು, ಸುಮ್ನೆ ನಿಂತರೆ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ 'ಮಧ್ಯಂತರ ಕುಂಟುವಿಕೆ' ಬೇಡ, 'ನಡೆದಾಗಿನ ಮೀನಖಂಡ ಹಿಡಿತ' ಎಂದಿಟ್ಟಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ನಾನ್-ಇನ್ವೇಸಿವ್‌ಗೆ ಯಂತ್ರಾನುವಾದಗಳು 'ಆಕ್ರಮಣಶೀಲವಲ್ಲದ' ಎಂದು ಕೊಡುತ್ತವೆ. ರೋಗಿಗೆ ಅದು ಹೆದರಿಕೆ ಹುಟ್ಟಿಸುತ್ತದೆ, ವಿಷಯ ತಿಳಿಸುವುದಿಲ್ಲ. 'ಚುಚ್ಚದ ಪರೀಕ್ಷೆ' ಎಂದು ಬರೆದಿದ್ದೇನೆ. ಎಂಡೋಸ್ಕೋಪಿಯಲ್ಲೂ ಚುಚ್ಚುವುದಿಲ್ಲ, ಆದರೂ ಒಳಗೆ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಪಾದದ ವಿಷಯದಲ್ಲಿ ಆ ತೊಡಕಿಲ್ಲ. ಇಲ್ಲಿ ಎದುರಿಗಿರುವುದು ತೊಡೆಸಂದಿನ ನಾಳಕ್ಕೆ ನಳಿಕೆ ತೂರಿಸಿ, ಬಣ್ಣದ ದ್ರವ ಬಿಟ್ಟು ಮಾಡುವ ಆಂಜಿಯೋಗ್ರಾಂ. ಬಣ್ಣವನ್ನು ಇಂಜೆಕ್ಷನ್ ಕೊಟ್ಟು ಪಾದದ ಚಿತ್ರ ತೆಗೆಯುವ ವಿಧಾನವನ್ನೂ ಈ ಪದ ಸರಿಯಾಗಿಯೇ ಹೊರಗಿಡುತ್ತದೆ.

ಮಾನಿಟರಿಂಗ್‌ಗೆ 'ನಿಗಾ' ಚೆನ್ನಾಗಿತ್ತು, ಆದರೆ ತೀವ್ರ ನಿಗಾ ಘಟಕ ನೆನಪಾಗುತ್ತದೆ. 'ಆಗಾಗ ಅಳೆದು ನೋಡುವುದು' ಎಂದರೆ ಉದ್ದವಾದರೂ ಸರಿ.

ಇನ್ನೊಂದು ಸಹಾಯ ಬೇಕು. ಕಾಲು ಎಂದರೆ ನಮಗೆ ತೊಡೆಯಿಂದ ಬೆರಳ ತುದಿವರೆಗೂ ಕಾಲೇ. ಪಟ್ಟಿ ಕಟ್ಟುವ ಜಾಗಕ್ಕೆ ನಾನು ಗಿಣ್ಣು ಎಂದಿದ್ದೇನೆ. ಕೆಲವರು ಕಣಕಾಲು ಅನ್ನುತ್ತಾರೆ, ನಿಘಂಟಿನಲ್ಲಿ ಅದು ಮೊಣಕಾಲಿನ ಕೆಳಗಿನ ಇಡೀ ಭಾಗ. ಇದೇ ಗಿಣ್ಣಿಗೆ ಹರಡು ಎಂಬ ಪದ ನಿಮ್ಮ ಕಡೆ ಈಗಲೂ ಬಾಯಲ್ಲಿದೆಯೇ? ಮೀನಖಂಡಕ್ಕೆ ಬೀದರ್, ಕಲಬುರಗಿ ಕಡೆ ಏನನ್ನುತ್ತಾರೆ, ಕರಾವಳಿಯಲ್ಲಿ ಏನನ್ನುತ್ತಾರೆ? ನಡೆದಾಗ ಅದು ಹಿಡಿದುಕೊಳ್ಳುವುದಕ್ಕೆ ಮನೆಯ ಹಿರಿಯರು ಬಳಸುವ ಮಾತನ್ನು, ಅವರು ಹೇಳುವ ಹಾಗೇ, ಊರಿನ ಹೆಸರಿನ ಜೊತೆ ಬರೆದು ಕಳಿಸಿ. ಕೈಪಿಡಿಯಲ್ಲಿ ಆಯಾ ಕಡೆಯ ಪದಗಳನ್ನೂ ಹಾಕುತ್ತೇನೆ.