ಪದಚರ್ಚೆ: ‘ಫೇ’ ಅಂದರೆ ಯಕ್ಷಿಣಿಯೇ? ‘ಚಾರ್ಮ್ಡ್’ ಅಂದರೆ ವಶವೇ?

ಕೇಳಿಕೆ, ವಿರಾಜಪೇಟೆಯಿಂದ

ಎಲ್ಲರಿಗೂ ನಮಸ್ಕಾರ.

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆದು ಕತೆ ನಡೆಸುವ ಮೇಜಿನಾಟಕ್ಕೆ ಒಂದು ಪಾತ್ರದ ಹಾಳೆಯನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ. ನಿಯಮ 2014ರ ಐದನೇ ಆವೃತ್ತಿಯದು. 2024ರ ಪುಸ್ತಕದಲ್ಲಿ ಇದೇ ಪಾತ್ರದ ಶಕ್ತಿಗಳು ಬೇರೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಪಾತ್ರ ಹಾಫ್-ಎಲ್ಫ್ (ಅರ್ಧ ಮನುಷ್ಯ, ಅರ್ಧ ಎಲ್ಫ್ ಎಂಬ ಮಾಯಾಕುಲ) ಹೆಣ್ಣು, ವಾರ್ಲಾಕ್ (ಬೇರೊಂದು ಶಕ್ತಿಯಿಂದ ಮಾಟದ ವಿದ್ಯೆ ಪಡೆದವಳು), ಒಂದನೇ ಹಂತ. ಅವಳ ವಿದ್ಯೆಯೆಲ್ಲ ಆರ್ಚ್‌ಫೇ (‘ಫೇ’ ಎಂಬ ಮಾಯಾಜನರ ದೊರೆ) ಒಬ್ಬಳು ಕೊಟ್ಟದ್ದು. 27 ಅಂಕ ಹಂಚಿ, ಕುಲದ ಪಾಲನ್ನೂ ಸೇರಿಸಿದ ಮೇಲೆ: ಬಲ 8, ಚುರುಕು 14, ಮೈಗಟ್ಟು 14, ಬುದ್ಧಿ 12, ವಿವೇಕ 12, ವರ್ಚಸ್ಸು 17. ಜೀವಾಂಕ (ಎಷ್ಟು ಪೆಟ್ಟು ತಡೆಯಬಲ್ಲಳು) 10, ತೊಗಲಂಗಿ ತೊಟ್ಟರೆ ರಕ್ಷೆ (ಅವಳಿಗೆ ಹೊಡೆಯಲು ಮುಟ್ಟಬೇಕಾದ ಅಂಕ) 13.

ತೊಡಕು ಇರುವುದು ಅಂಕಿಯಲ್ಲಲ್ಲ, ಮಾತಿನಲ್ಲಿ. ‘ಫೇ’ಗೆ ಯಕ್ಷಿಣಿ ಅಂತ ಬರೆದರೆ ಟೋಪಿಯೊಳಗಿಂದ ಮೊಲ ತೆಗೆಯುವವನು ಕಣ್ಣಿಗೆ ಬರುತ್ತಾನೆ. ‘ವಾರ್ಲಾಕ್’ಗೆ ಮಂತ್ರವಾದಿ ಅಂದರೆ ನಿಂಬೆಹಣ್ಣು, ಕುಂಕುಮ ಬಂದು ಕೂರುತ್ತವೆ. ‘ಚಾರ್ಮ್ಡ್’ (ಮೋಡಿಗೆ ಸಿಕ್ಕ ಸ್ಥಿತಿ) ಎಂಬುದಕ್ಕೆ ‘ವಶ’ ಅಂತ ಹಾಕಿದ್ದೇವೆ. ಆ ಪದ ಬಂದಾಗಲೆಲ್ಲ ಆಟ ನಿಂತು ವಾದ ಶುರು. ‘ಫೇರಿ ಫೈರ್’, ‘ಸ್ಲೀಪ್’ ಎಂಬ ಮಂತ್ರಗಳು, ‘ಸೇವಿಂಗ್ ಥ್ರೋ’ (ಕೇಡಿನಿಂದ ಪಾರಾಗಲು ಎಸೆಯುವ ದಾಳ), ಆರನೇ ಹಂತದ ‘ಮಿಸ್ಟಿ ಎಸ್ಕೇಪ್’ ಶಕ್ತಿ, ಇವಕ್ಕೂ ಪದ ಬೇಕು. ಗುಳಿಗ, ದೈವ, ಹೀಗೆ ನಮ್ಮಲ್ಲೇ ಇರುವ ಹೆಸರುಗಳು ನಡೆಯುತ್ತವೆಯೇ? ತಿಳಿದವರು ಹೇಳಬೇಕು.

ಉತ್ತರ, ಮಡಿಕೇರಿಯಿಂದ

ವಿರಾಜಪೇಟೆಯವರೇ, ‘ವಶ’ದಿಂದಲೇ ಶುರು ಮಾಡೋಣ. ನಿಮ್ಮ ಆಟ ಕೆಡುತ್ತಿರುವುದು ಅಲ್ಲಿ.

ಕನ್ನಡದಲ್ಲಿ ವಶ ಅಂದರೆ ಪೂರ್ತಿ ಕೈಸೇರಿದ್ದು. ಪೊಲೀಸರು ಮಾಲು ವಶಪಡಿಸಿಕೊಂಡರು ಅಂದರೆ ಮಾಲಿಗೆ ಮಾತಾಡುವ ಹಕ್ಕಿಲ್ಲ. ವಶೀಕರಣದ ಜಾಹೀರಾತಿನವರು ಕೊಡುವ ಭರವಸೆಯೂ ಅದೇ. ನಿಯಮದ ಚಾರ್ಮ್ಡ್ ಸ್ಥಿತಿ ಅಷ್ಟು ದೂರ ಹೋಗುವುದಿಲ್ಲ. ಅದರಲ್ಲಿರುವುದು ಎರಡೇ ಮಾತು: ಸಿಕ್ಕಿಕೊಂಡವನು ಮೋಡಿ ಹಾಕಿದವಳ ಮೇಲೆ ಕೈಮಾಡುವಂತಿಲ್ಲ; ಅವನನ್ನು ಮಾತಿನಲ್ಲಿ ಒಲಿಸಿಕೊಳ್ಳುವಾಗ ಅವಳು ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಅವಳ ಪಕ್ಕದಲ್ಲಿ ನಿಂತ ಗೆಳೆಯನಿಗೆ ಅವನು ಕತ್ತಿ ಬೀಸಲು ಏನೂ ಅಡ್ಡಿಯಿಲ್ಲ. ಹಾಳೆಯಲ್ಲಿ ‘ವಶ’ ಅಂತ ಓದಿದ ಆಟಗಾರ್ತಿ “ಹಾಗಾದರೆ ನಿನ್ನ ನಾಯಕನನ್ನೇ ಕಡಿ” ಅನ್ನುತ್ತಾಳೆ, ಆಟ ನಡೆಸುವವರು ಆಗದು ಅನ್ನುತ್ತಾರೆ. ಇಬ್ಬರದೂ ತಪ್ಪಲ್ಲ, ಪದದ್ದು.

ಇಲ್ಲಿಗೆ ‘ಮರುಳು’ ಹಾಕಿ. ಮರುಳಾದ, ಮರುಳುಮಾಡಿದಳು, ಮರುಳು ಇಳಿಯಿತು, ಎಲ್ಲ ರೂಪವೂ ಬಾಯಿಗೆ ಸಲೀಸು. ಮರುಳಾದವನಿಗೆ ಅವಳೊಬ್ಬಳ ವಿಷಯದಲ್ಲಿ ಮಾತ್ರ ಬುದ್ಧಿ ಮಂಕು, ಉಳಿದ ಲೋಕ ಅವನಿಗೆ ಎಂದಿನಂತೆಯೇ. ನಿಯಮ ಹೇಳುವುದೂ ಅದನ್ನೇ. ಹಳಗನ್ನಡದಲ್ಲಿ ‘ಮರುಳ್’ ಅಂದರೆ ಭ್ರಮೆಯೂ ಹೌದು, ಪಿಶಾಚಿಯೂ ಹೌದು. ಈ ಪಾತ್ರಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಪದ ನನಗೆ ಕಾಣದು. ‘ವಶ’ವನ್ನು ಬಿಸಾಡಬೇಡಿ, ‘ಡಾಮಿನೇಟ್ ಪರ್ಸನ್’ಗೆ ಎತ್ತಿಡಿ. ಒಂಬತ್ತನೇ ಹಂತದಲ್ಲಿ ಕೈಗೆಟಕುವ ಆ ಮಂತ್ರದಲ್ಲಿ ನಿಜಕ್ಕೂ ಆಳನ್ನು ಆಡಿಸಬಹುದು.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ತಪ್ಪನ್ನೂ ನೋಡಿಕೊಳ್ಳಿ. ಒಂದನೇ ಹಂತದ ‘ಫೇ ಪ್ರೆಸೆನ್ಸ್’ ಅನ್ನು ‘ಸುತ್ತ ಹತ್ತಡಿಯಲ್ಲಿರುವವರೆಲ್ಲ’ ಎಂದು ಕನ್ನಡಿಸುವವರಿದ್ದಾರೆ. ಮೂಲದಲ್ಲಿರುವುದು ಅವಳಿಂದ ಹೊರಡುವ ಹತ್ತಡಿಯ ಘನಾಕೃತಿ. ಅದರ ಒಂದು ಮುಖ ಅವಳಿಗೆ ಆತುಕೊಂಡಿರುತ್ತದೆ, ಅವಳು ಅದರ ನಡುವೆ ಇರುವುದಿಲ್ಲ. ಐದಡಿ ಚೌಕದ ಹಾಸಿನ ಮೇಲೆ ಅದು 4 ಮನೆ. ‘ಸುತ್ತ’ ಅಂದಕೂಡಲೇ 24 ಮನೆ ಆಗಿಬಿಡುತ್ತದೆ, ಆರು ಪಟ್ಟು! ‘ಎದುರಿನ ಹತ್ತಡಿ ಚೌಕ’ ಅಂತ ಬರೆಯಿರಿ. ಆ ಚೌಕದಲ್ಲಿರುವ ಪ್ರತಿಯೊಬ್ಬರೂ ವಿವೇಕದ ಮೇಲೆ ಇಪ್ಪತ್ತರ ದಾಳ ಎಸೆದು 13 ಮುಟ್ಟಬೇಕು (8, ಪಳಗಿದ ಕೈಗೆ 2, ವರ್ಚಸ್ಸಿಗೆ 3). ವಿವೇಕದಿಂದ ಏನೂ ಕೂಡಿಸಲಾಗದವನು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 60. ಸಿಕ್ಕವರೆಲ್ಲ ಒಂದೋ ಮರುಳು, ಇಲ್ಲವೇ ಬೆದರು. ಯಾವುದೆಂದು ಆರಿಸುವವಳು ಅವಳು. ‘ಬೆದರು’ ಒಳ್ಳೆಯ ಪದ. ಬೆದರಿದ ಎತ್ತು ಮುಂದೆ ಬರುವುದಿಲ್ಲ. ಈ ಸ್ಥಿತಿಯಲ್ಲಿದ್ದವನೂ ಅವಳತ್ತ ತಾನಾಗಿ ಹೆಜ್ಜೆ ಇಡುವಂತಿಲ್ಲ, ಅವಳು ಕಣ್ಣಿಗೆ ಕಾಣುವಷ್ಟು ಹೊತ್ತು ಅವನ ಹೊಡೆತವೂ ಸಡಿಲ. ಪಕ್ಕದ ಗೆಳೆಯರನ್ನು ಉಳಿಸಬೇಕಾದರೆ ಬೆದರು, ತಾನು ಉಳಿಯಬೇಕಾದರೆ ಮರುಳು. ಎರಡೂ ಅವಳ ಮುಂದಿನ ಸರದಿ ಮುಗಿಯುವ ತನಕ. ‘ಸರದಿ ಬರುವ ತನಕ’ ಅಂತ ಬರೆದರೆ ಒಂದು ಇಡೀ ಸರದಿಯ ಲಾಭ ಹೋಯಿತು.

ಈಗ ‘ಫೇ’. ಇಂಗ್ಲಿಷಿನಲ್ಲೇ ಅದು ಕಲಸುಮೇಲೋಗರ. ‘ಫೇ’ ಎಂಬ ಉಚ್ಚಾರದಲ್ಲಿ ಎರಡು ಬೇರೆ ಪದಗಳು ಕೂಡಿಕೊಂಡಿವೆ. ಒಂದು ಹಳೆಯ ಫ್ರೆಂಚ್ ಹಾದು ಲ್ಯಾಟಿನ್ನಿನ ‘ಫಾತಾ’ದಿಂದ, ವಿಧಿ ಎಂಬ ಅರ್ಥದಲ್ಲಿ ಬಂದದ್ದು. ಹುಟ್ಟಿದ ಆರನೇ ರಾತ್ರಿ ಹಣೆಬರಹ ಬರೆಯಲು ಬರುವವಳ ನಂಬಿಕೆ ನಮ್ಮಲ್ಲೂ ಇದೆಯಲ್ಲ, ಆ ಬಳಗದ್ದು. ಇನ್ನೊಂದು ಹಳೆಯ ಇಂಗ್ಲಿಷಿನದು. ಅದರರ್ಥ ‘ಸಾವು ಹತ್ತಿರ ಬಂದವನು’. ಆಟದವರು ಬಳಸುವುದು ಎರಡನೆಯದರ ಕಾಗುಣಿತ, ಮೊದಲನೆಯದರ ಅರ್ಥ. ಆದ್ದರಿಂದ ಪದಕ್ಕೆ ಪದ ಹುಡುಕುವುದು ಬಿಟ್ಟು, ಆ ಜನರ ನಡತೆಗೆ ಹೊಂದುವುದನ್ನು ಹುಡುಕಬೇಕು.

ನಡತೆ ಅಂದರೆ: ಒಂದು ಜಾಗ ಅವರದ್ದು, ಅಲ್ಲಿ ಅವರದೇ ಕಟ್ಟಳೆ, ಮುರಿದವನಿಗೆ ಕೇಡು, ಪಾಲಿಸಿದವನಿಗೆ ವರ. ಇದನ್ನು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಯಕ್ಷಪ್ರಶ್ನೆಯ ಕೊಳ ನೆನಪು ಮಾಡಿಕೊಳ್ಳಿ. ಉತ್ತರ ಹೇಳಿ ನೀರು ಕುಡಿ ಅಂದ ಯಕ್ಷ. ಕೇಳದೆ ಕುಡಿದ ನಾಲ್ವರು ಉರುಳಿದರು, ಕೇಳಿ ಉತ್ತರಿಸಿದವನಿಗೆ ನಾಲ್ವರೂ ವಾಪಸು ಸಿಕ್ಕಿದರು. ಆರ್ಚ್‌ಫೇ ಮಾಡುವುದು ಇದನ್ನೇ. ಕಿನ್ನರಿ, ಗಂಧರ್ವ, ಅಪ್ಸರೆ ಇವರಲ್ಲಿ ಹಾಡೂ ಚೆಲುವೂ ಇವೆ, ಕಟ್ಟಳೆಯ ಬಿಗಿ ಇಲ್ಲ.

ಆದರೆ ‘ಯಕ್ಷಿ’ ಅನ್ನಬೇಡಿ. ಶ್ರವಣಬೆಳಗೊಳ, ಹೊಂಬುಜದ ಕಡೆಯವರಿಗೆ ಯಕ್ಷಿ ಅಂದರೆ ಪೂಜೆಗೊಳ್ಳುವವಳು, ಕೂಷ್ಮಾಂಡಿನಿ, ಪದ್ಮಾವತಿ. ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋದರೆ ಅದೇ ಪದಕ್ಕೆ ಹಾಲೆಮರದಡಿ ನಿಂತು ನೆತ್ತರು ಹೀರುವವಳು ಎಂಬ ಅರ್ಥ. ‘ಯಕ್ಷಿಣಿ’ ಅಂದರೆ ಕಣ್ಕಟ್ಟು ಅನ್ನುವುದನ್ನು ನೀವೇ ಹೇಳಿದ್ದೀರಿ. ಒಂದೇ ಮೇಜಿನಲ್ಲಿ ಮೂರು ಅರ್ಥ ಕೂತರೆ ಕಷ್ಟ. ತದ್ಭವ ‘ಜಕ್ಕ’ಕ್ಕೆ ಇಷ್ಟು ಹೊರೆಯಿಲ್ಲ. ಜಕ್ಕ, ಜಕ್ಕರು, ಜಕ್ಕರ ನಾಡು, ಜಕ್ಕರ ದೊರೆಸಾನಿ. ‘ಜಕ್ಕಿಣಿ’ ಬೇಡ, ಕೆಲವು ಊರುಗಳಲ್ಲಿ ಮನೆಯಲ್ಲಿ ತೀರಿಕೊಂಡ ಹೆಣ್ಣಿನ ಆತ್ಮಕ್ಕೆ ಆ ಹೆಸರಿದೆ. ‘ಜಕ್ಕವಕ್ಕಿ’ಯನ್ನೂ ಎಳೆದು ತರಬೇಡಿ, ಅದು ಚಕ್ರವಾಕದಿಂದ ಬಂದದ್ದು, ನಂಟೇ ಇಲ್ಲ. ನಿಮ್ಮ ಹಾಫ್-ಎಲ್ಫ್ ಜಕ್ಕಳಲ್ಲ ಅನ್ನುವುದೂ ನೆನಪಿರಲಿ. ಅವಳಲ್ಲಿರುವುದು ‘ಜಕ್ಕರ ನೆತ್ತರು’ ಮಾತ್ರ: ಮರುಳಿನಿಂದ ಪಾರಾಗಲು ಎರಡು ದಾಳ, ಮಾಟದ ನಿದ್ದೆ ಅವಳಿಗೆ ಹತ್ತದು.

‘ವಾರ್ಲಾಕ್’ಗೆ ಮಾಂತ್ರಿಕ, ಮಾಟಗಾರ ಯಾವುದೂ ಸಾಲದು, ಅವೆಲ್ಲ ಕಲಿತವರ ಹೆಸರು. ವಾರ್ಲಾಕ್ ಕಲಿತವನಲ್ಲ, ಇಸಿದುಕೊಂಡವನು. ಇದಕ್ಕೆ ಕನ್ನಡದಲ್ಲಿ ಬಂಗಾರದಂಥ ಪದ ಇದೆ: ಹಂಗು. ‘ಒಪ್ಪಂದ’ ಕಚೇರಿಯ ಮಾತು, ಸಹಿ ಹಾಕಿ ಮರೆಯಬಹುದು. ‘ಹರಕೆ’ ದೇವರಿಗೆ, ತೀರಿಸಿದರೆ ಮುಗಿಯಿತು. ಹಂಗು ತೀರಿಸಿದರೂ ತೀರದು, ಎದುರಿಗೆ ಬಂದಾಗಲೆಲ್ಲ ತಲೆ ತಗ್ಗಿಸುವ ಹಾಗೆ ಮಾಡುತ್ತದೆ. ‘ಹಂಗಿಗ’ ಹಳೆಯ ಪದವೇ. ಹೆಣ್ಣು ಪಾತ್ರಕ್ಕೆ ‘ಹಂಗಿನವಳು’. ಕೊಟ್ಟವಳು ‘ಒಡತಿ’.

ಪದ ಸರಿಯಾದರೆ ಪಾತ್ರ ಕಟ್ಟುವುದೂ ಸುಲಭ. ಹಾಳೆಯಲ್ಲಿ ಮೂರು ಸಾಲು ಇರಲಿ: ಒಡತಿ ಕೊಟ್ಟದ್ದೇನು, ಬದಲಿಗೆ ಕೇಳುವುದೇನು, ಮಾಡಬಾರದ್ದೇನು. ಮೂರನೆಯದು ಆಟದಲ್ಲಿ ಮತ್ತೆ ಮತ್ತೆ ಎದುರಾಗುವಂಥದ್ದಾಗಿರಬೇಕು. ‘ಹುಣ್ಣಿಮೆಯಲ್ಲಿ ಸುಳ್ಳಾಡಬಾರದು’ ಅಂದರೆ ಹುಣ್ಣಿಮೆ ಬರುವುದೇ ಇಲ್ಲ. ನಮ್ಮ ದೇವರಕಾಡಿನ ಕಟ್ಟಳೆಯ ಮಾದರಿ ನೋಡಿ, ಒಣ ಕಡ್ಡಿಯನ್ನೂ ಹೊರಗೆ ಒಯ್ಯಬಾರದು. ‘ಕಾಡಿನಿಂದ ಏನನ್ನೂ ಕೇಳದೆ ಎತ್ತಬಾರದು’ ಅಂತ ಇಟ್ಟರೆ ಸೌದೆ, ಗಾಯದ ಸೊಪ್ಪು, ಸತ್ತ ಜಿಂಕೆ, ಪ್ರತಿ ರಾತ್ರಿಯ ಬೀಡಿನಲ್ಲೂ ಅವಳು ಯೋಚಿಸಬೇಕಾಗುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಸೇವಿಂಗ್ ಥ್ರೋ ‘ಪಾರುದಾಳ’. ಶಾರ್ಟ್ ರೆಸ್ಟ್ ‘ಬಿಡುವು’. ಒಂದು ಗಂಟೆಯದು, ಹಂಗಿನವಳ ಸ್ಲಾಟ್ (ಒಂದು ಮಂತ್ರ ಹಾಕುವ ಅವಕಾಶ) ಮರಳುವುದು ಇದರಲ್ಲೇ. ಸ್ಲಾಟನ್ನು ಸ್ಲಾಟ್ ಅಂತಲೇ ಬಿಡಿ, ಹಠ ಬೇಡ. ‘ಹೆಚ್ಚುವರಿ ಮಂತ್ರಗಳು’ ಎಂಬ ತಲೆಬರಹ ಇದ್ದರೆ ಅಳಿಸಿ. ಒಡತಿಯ ಪಟ್ಟಿಯ ಮಂತ್ರಗಳು ಪುಕ್ಕಟೆ ಬರುವುದಿಲ್ಲ, ಆರಿಸಿಕೊಳ್ಳಲು ಸಿಗುತ್ತವೆ ಅಷ್ಟೆ. ಒಂದನೇ ಹಂತದಲ್ಲಿ ಅವಳಿಗೆ ಗೊತ್ತಿರುವುದು ಎರಡೇ ಮಂತ್ರ.

ಫೇರಿ ಫೈರ್‌ಗೆ ‘ಕೊಳ್ಳಿದೆವ್ವ’ ಆಸೆ ಹುಟ್ಟಿಸುತ್ತದೆ, ಆದರೆ ಕೊಳ್ಳಿ ಅಂದರೆ ಸುಡಬೇಕು. ಈ ಬೆಳಕು ಸುಡುವುದಿಲ್ಲ. ಇಪ್ಪತ್ತಡಿ ಘನದೊಳಗಿನವರ ಅಂಚಿಗೆ ನೀಲಿ, ಹಸಿರು ಅಥವಾ ನೇರಳೆ ಬೆಳಕು ಹತ್ತಿ, ಅವರಿಗೆ ಹೊಡೆಯುವುದು ಸುಲಭವಾಗುತ್ತದೆ. ಮುಂಗಾರಿಗೆ ಮುನ್ನ ತೋಟದಲ್ಲಿ ಕಾಣುವ ಮಿಣುಕುಹುಳದ ಹಾಗೆ. ‘ಜಕ್ಕಮಿಣುಕು’ ಇರಲಿ. ನೇರಳೆ ಎಂಥದು ಅಂತ ಯಾರಾದರೂ ಕೇಳಿದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮದ್ದುಸೊಪ್ಪಿನ ಪಾಯಸ ತೋರಿಸಿ. ಇದಕ್ಕೂ ‘ಹೆಕ್ಸ್’ ಮಂತ್ರಕ್ಕೂ ಗಮನ ಹಿಡಿದಿಡಬೇಕು. ಗಮನ ಒಂದಕ್ಕೇ, ಎರಡನ್ನೂ ಆರಿಸಿದವರು ಒಂದನ್ನು ಹಾಕುವಾಗ ಇನ್ನೊಂದನ್ನು ಕಳೆದುಕೊಳ್ಳುತ್ತಾರೆ.

ಸ್ಲೀಪ್‌ಗೆ ನಿದ್ದೆ ಅಂತಲೇ ಸಾಕು. ಜೊಂಪು, ಮಂಪರು ಚೆಂದವೇನೋ ಹೌದು, ಆದರೆ ಅರೆ ಎಚ್ಚರ ಉಳಿದಿದೆ ಎಂಬ ಅರ್ಥ ಬರುತ್ತದೆ. ಇಲ್ಲಿ ಎಚ್ಚರ ಪೂರ್ತಿ ತಪ್ಪುತ್ತದೆ. ಪಾರುದಾಳ ಇಲ್ಲ. ಎಂಟರ ದಾಳ ಐದು ಎಸೆದು ಕೂಡಿದಷ್ಟು ಜೀವಾಂಕ ಮಲಗುತ್ತದೆ, ಸರಾಸರಿ 22.5. ತಲಾ 7 ಜೀವಾಂಕದ ಗಾಬ್ಲಿನ್ (ಕುಳ್ಳ ರಕ್ಕಸ) ಮೂರು ಬೀಳಬಹುದು. ಆದರೆ ಎಣಿಕೆ ಕಡಿಮೆ ಜೀವಾಂಕದವರಿಂದ ಶುರು, ನಮ್ಮವರು ತಮ್ಮವರು ಎಂಬ ಭೇದ ಇಲ್ಲ. 3ಕ್ಕೆ ಇಳಿದ ಗೆಳೆಯ ಆ ವೃತ್ತದಲ್ಲಿದ್ದರೆ ಮೊದಲು ಗೊರಕೆ ಹೊಡೆಯುವವನು ಅವನೇ.

ಮಿಸ್ಟಿ ಎಸ್ಕೇಪ್‌ಗೆ ‘ಮಂಜುಮರೆ’. ‘ಮಂಜು ಕವಿಸು’ ಅಂದರೆ ಮಡಿಕೇರಿಯವರು ಎದುರಿನ ಗುಡ್ಡವೇ ಕಾಣದ ಮಂಜನ್ನು ನೆನೆಯುತ್ತಾರೆ. ಇಲ್ಲಿ ಅಂಥ ಮಂಜು ಹಬ್ಬುವುದಿಲ್ಲ, ಅವಳೊಬ್ಬಳು ಕಣ್ಮರೆಯಾಗಿ 60 ಅಡಿಯೊಳಗೆ ಇನ್ನೊಂದು ಕಡೆ ಇರುತ್ತಾಳೆ. ‘ತಪ್ಪಿಸಿಕೊಳ್ಳು’ ಎಂಬ ಪದ ಮಾತ್ರ ಬೇಡವೇ ಬೇಡ. ಪೆಟ್ಟು ಬಿದ್ದ ಮೇಲೆಯೇ ಮರೆಯಾಗುವುದು, ಆ ಪೆಟ್ಟಿನ ಲೆಕ್ಕ ಅವಳ ಮೈಮೇಲೇ ಉಳಿಯುತ್ತದೆ.

ಹಾಳೆಯನ್ನು ಹೊರಗೆ ಹಂಚುವ ಯೋಚನೆ ಇದ್ದರೆ ಒಂದು ಮಾತು. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟ ನಿಯಮದ ಪಠ್ಯದಲ್ಲಿ ವಾರ್ಲಾಕ್ ಇದ್ದಾನೆ, ಆದರೆ ಒಡೆಯರಲ್ಲಿ ಇರುವುದು ‘ಫೀಂಡ್’ (ಪಿಶಾಚಿಕುಲದವನು) ಒಬ್ಬನೇ. ಆರ್ಚ್‌ಫೇ ಭಾಗ ಅದರಲ್ಲಿಲ್ಲ. ನಿಮ್ಮ ಮೇಜಿಗೆ ಬರೆದುಕೊಳ್ಳುವುದು ಬೇರೆ, ಅನುವಾದಿಸಿ ಪ್ರಕಟಿಸುವುದು ಬೇರೆ.

ಉತ್ತರ, ಸಂಪಾಜೆಯಿಂದ

ಗುಳಿಗನ ಪ್ರಶ್ನೆಗೆ ಮಡಿಕೇರಿಯವರು ಉತ್ತರ ಹೇಳಲಿಲ್ಲ. ನಾನು ಹೇಳುತ್ತೇನೆ: ಬೇಡ. ಗುಳಿಗ, ಪಂಜುರ್ಲಿ, ಗುರುಕಾರೋಣ ಇವು ಇವತ್ತಿಗೂ ಎಡೆ ಇಟ್ಟು ನಡೆದುಕೊಳ್ಳುವ ಹೆಸರುಗಳು. ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬರ ಮನೆಯಲ್ಲಾದರೂ ಇರುತ್ತವೆ. ಭಕ್ತಿಯ ಮಾತು ಪಕ್ಕಕ್ಕಿಟ್ಟರೂ ಅರ್ಥ ಕೂಡುವುದಿಲ್ಲ. ದೈವ ನ್ಯಾಯ ಹೇಳುತ್ತದೆ, ಊರು ಕಾಯುತ್ತದೆ. ಜಕ್ಕರ ದೊರೆಸಾನಿಗೆ ಊರಿನ ಗೊಡವೆ ಇಲ್ಲ.

ಫೇಗಳ ಲೋಕ ‘ಫೇವೈಲ್ಡ್’ಗೆ ‘ಜಕ್ಕರ ನಾಡು’ ಅಂದಿದ್ದೀರಿ. ಅದು ಮಲೆ ಹತ್ತಿ ಇಳಿದರೆ ಸಿಗುವ ಊರಿನ ಹಾಗೆ ಕೇಳಿಸುತ್ತದೆ. ತುಳುವಿನಲ್ಲಿ ಕಣ್ಣಿಗೆ ಕಾಣುವ ಇರವಿಗೆ ಜೋಗ, ಕಾಣದ್ದಕ್ಕೆ ಮಾಯ ಅನ್ನುತ್ತಾರೆ. ಇದ್ದಲ್ಲೇ ಇರುವ ಇನ್ನೊಂದು ಮಗ್ಗುಲು ಎಂಬ ಭಾವ ಅದರಲ್ಲಿದೆ, ಆಟದ ಫೇವೈಲ್ಡ್ ಕೂಡ ನಮ್ಮ ಲೋಕದ ಪಡಿಯಚ್ಚೇ. ಆದರೆ ‘ಮಾಯ’ವೂ ಪಾಡ್ದನದಿಂದ (ತುಳುವಿನ ಕಥನಗೀತೆಯಿಂದ) ಬಂದದ್ದು, ದೈವಗಳಿಗೆ ಸೇರಿದ್ದು. ಹಾಗಾಗಿ ಪದ ಬಿಟ್ಟು ಭಾವ ಇಟ್ಟುಕೊಳ್ಳಿ: ‘ಜಕ್ಕಮಗ್ಗುಲು’.

ಕೇಳಿಕೆಯವರಿಂದ ಮತ್ತೆ

ಇಬ್ಬರಿಗೂ ವಂದನೆ. ಜಕ್ಕ, ಹಂಗಿನವಳು, ಒಡತಿ, ಮರುಳು, ಬೆದರು, ಜಕ್ಕಮಗ್ಗುಲು, ಎಲ್ಲ ತೆಗೆದುಕೊಂಡೆವು. ಆರನೇ ಹಂತದ ಸಾಲು ಈಗ ಹೀಗಿದೆ, ನೋಡಿ ಹೇಳಿ: “ಮಂಜುಮರೆ. ಪೆಟ್ಟು ಬಿದ್ದ ಕ್ಷಣ ಪ್ರತಿಕ್ರಿಯೆಯಾಗಿ ಕಣ್ಮರೆಯಾಗಿ, 60 ಅಡಿಯೊಳಗೆ ಕಾಣುವ ಖಾಲಿ ಜಾಗಕ್ಕೆ ಹೋಗಬಹುದು. ಮುಂದಿನ ಸರದಿ ಮುಗಿಯುವ ತನಕ ಯಾರಿಗೂ ಕಾಣಿಸುವುದಿಲ್ಲ. ಒಮ್ಮೆ ಬಳಸಿದರೆ ಬಿಡುವಿನ ನಂತರವೇ ಮತ್ತೆ.”

ಮಡಿಕೇರಿಯಿಂದ

ಇಲ್ಲಿ ‘ಮುಗಿಯುವ ತನಕ’ ಅಲ್ಲ, ‘ಶುರುವಾಗುವ ತನಕ’. ಫೇ ಪ್ರೆಸೆನ್ಸ್‌ನ ಸಾಲಿನಿಂದ ಎತ್ತಿ ಅಂಟಿಸಿದ ಹಾಗಿದೆ. ‘ಅದಕ್ಕೆ ಮೊದಲೇ ಹೊಡೆದರೆ ಅಥವಾ ಮಂತ್ರ ಹಾಕಿದರೆ ಆಗಲೇ ಕಾಣಿಸುತ್ತಾಳೆ’ ಅಂತಲೂ ಸೇರಿಸಿ.